ಗಿಳಿಗೆ ಸ್ನಾನ ಕಲಿಸಿದ್ದು

ಸ್ನಾನದ ವಿಷಯದಲ್ಲಿ ನನ್ನ ಪ್ರಾವೀಣ್ಯವನ್ನು ಯಾರೂ ಪ್ರಶ್ನಿಸುವಂತಿಲ್ಲ. ಇಬ್ಬರು ಮಕ್ಕಳನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿ ಬೆಳೆಸಿದವಳು ನಾನು. ಚಳಿಗಾಲದ ಭಾನುವಾರ ಗಂಡನನ್ನು ಹನ್ನೊಂದು ಗಂಟೆಯೊಳಗೆ ಬಚ್ಚಲಿಗೆ ಅಟ್ಟಿದ ದಾಖಲೆಯೂ ನನ್ನದೇ. ಇಂಥವಳು ಬೆರಳುದ್ದದ ಗಿಳಿಯೊಂದರ ಮುಂದೆ ಸೋತಳೆಂದು ಯಾರಾದರೂ ಹೇಳಿದರೆ ನೀವು ನಂಬಬೇಡಿ. ಸೋಲಲಿಲ್ಲ, ಸ್ವಲ್ಪ ತಡವಾಯಿತು, ಅಷ್ಟೆ.

ತೊಂಬತ್ತರ ದಶಕದ ಕೊನೆಯ ಮಾತು. ಬಸವನಗುಡಿಯ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ವರ್ಗವಾಗಿ ಹೊರಟ ಗೆಳತಿಯೊಬ್ಬಳು ತನ್ನ ಗಿಳಿಯನ್ನು ಏನು ಮಾಡುವುದೆಂದು ಪೇಚಾಡುತ್ತಿದ್ದಾಗ, ಯಾರನ್ನೂ ಕೇಳದೆ ಮನೆಗೆ ತಂದುಬಿಟ್ಟೆ. ಹಸಿರು ಮೈ, ಹಳದಿ ಮುಖ. ಬೆಂಗಳೂರಿನಲ್ಲಿ ಎಲ್ಲರೂ ಲವ್ ಬರ್ಡ್ಸ್ ಎನ್ನುವ ಜಾತಿ. ಒಂದೇ ಇದ್ದರೂ ಬರ್ಡ್ಸ್. ಹೆಸರು ಪುಟ್ಟಿ. ಸಂಜೆ ಉತ್ತರಪತ್ರಿಕೆ ಮುಂದಿಟ್ಟುಕೊಂಡು ಕೂತರೆ ಹಾರಿ ಬಂದು ಭುಜದ ಮೇಲೆ ಕೂತು ನನ್ನ ಓಲೆ ಕಚ್ಚುತ್ತಿತ್ತು. ಆ ಮನೆಯಲ್ಲಿ ಪರದೆಯ ಬಣ್ಣದಿಂದ ಹಿಡಿದು ನನ್ನ ಮಕ್ಕಳ ಹೆಸರಿನವರೆಗೆ ಎಲ್ಲವೂ ಅತ್ತೆಯವರ ಆಯ್ಕೆ. ಹದಿನಾಲ್ಕು ವರ್ಷಗಳಲ್ಲಿ ನಾನೇ ಇಷ್ಟಪಟ್ಟು ತಂದದ್ದೆಂದರೆ ಪುಟ್ಟಿಯೊಂದೇ. ಅದನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಆದರೆ ಪುಟ್ಟಿ ಬೆಳಗಾಗುತ್ತಲೇ ನವಣೆ ಮುಕ್ಕುತ್ತಿತ್ತು. ಅತ್ತೆ ಮೂರು ದಿನ ನೋಡಿದರು.

“ನೋಡಮ್ಮ, ಈ ಮನೇಲಿ ಸ್ನಾನ ಮಾಡ್ದೆ ಯಾರೂ ಬಾಯಿಗೆ ಏನೂ ಹಾಕ್ಕೊಂಡಿಲ್ಲ. ಯುಗಾದಿ ಒಳಗೆ ಅದಕ್ಕೆ ಸ್ನಾನ ಕಲಿಸು. ಆಗಲ್ಲ ಅಂದ್ರೆ ಯಾರಿಗಾದ್ರೂ ಕೊಟ್ಬಿಡು.”

“ಕಲಿಸ್ತೀನಿ ಬಿಡಿ ಅತ್ತೆ,” ಎಂದೆ. ಯುಗಾದಿಗೆ ಮೂರು ವಾರವಿತ್ತು. ಹತ್ತನೇ ಕ್ಲಾಸಿನವರಿಗೆ ತ್ರಿಕೋನಮಿತಿ ಕಲಿಸಿದವಳಿಗೆ ಇದೇನು ಮಹಾ!

ಪಂಜರದೊಳಗೆ ಬಟ್ಟಲಲ್ಲಿ ನೀರಿಟ್ಟೆ. ಪುಟ್ಟಿ ಕುಡಿಯಿತು, ಅಂಚಿನ ಮೇಲೆ ಕೂತಿತು, ನೀರಿಗೇ ಹಿಕ್ಕೆ ಹಾಕಿತು. ನೀರು ಬದಲಿಸಿ, ಬೆರಳದ್ದಿ ಚಪ್ಪಾಳೆ ತಟ್ಟಿ ತೋರಿಸಿದೆ. ಅದರ ಮುಂದೆ ಮುಖ ತೊಳೆದುಕೊಂಡೆ, ಒಮ್ಮೆ ಮೊಣಕೈವರೆಗೂ ತೊಳೆದುಕೊಂಡೆ. ಕತ್ತು ಓರೆ ಮಾಡಿ ತುಂಬ ಗಮನವಿಟ್ಟು ನೋಡಿತು. ಹೀಗೆ ಗಮನವಿಟ್ಟು ನೋಡಿ ಪರೀಕ್ಷೆಯಲ್ಲಿ ಏನೂ ಬರೆಯದವರನ್ನು ನಾನು ಕಂಡಿದ್ದೆನಾದ್ದರಿಂದ ಎದೆಗುಂದಲಿಲ್ಲ.

ಯುಗಾದಿಗೆ ಎರಡೇ ದಿನ ಉಳಿದಾಗ ನನ್ನ ಬುದ್ಧಿವಂತಿಕೆ ತನ್ನ ಶಿಖರ ಮುಟ್ಟಿತು. ಹಕ್ಕಿಗೂ ಹಸುಗೂಸಿಗೂ ಏನು ವ್ಯತ್ಯಾಸ? ಬಚ್ಚಲಲ್ಲಿ ಕಾಲು ಚಾಚಿ ಕೂತು, ಪುಟ್ಟಿಯನ್ನು ಎಡಗೈಲಿ ಹಿಡಿದು, ಹದವಾದ ಬಿಸಿನೀರನ್ನು ಲೋಟದಲ್ಲಿ ಹಾಕಿದೆ. ಹಸುಗೂಸಿಗೆ ನೀರು ಹಾಕಿದ ಮೇಲೆ ಸಾಂಬ್ರಾಣಿ ಹೊಗೆ ಹಿಡಿಯಬೇಕಲ್ಲ. ಬಾಯ್ಲರಿನ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಅದನ್ನೂ ಹಿಡಿದೆ. ಗಿಳಿ ಅರ್ಧಕ್ಕರ್ಧ ಕುಗ್ಗಿತ್ತು. ಗಡಗಡ ನಡುಗುತ್ತಿದ್ದದ್ದು ನೋಡುನೋಡುತ್ತ ಕತ್ತು ವಾಲಿಸಿ ಕಣ್ಣು ಮುಚ್ಚಿತು. ಕೊಂದುಬಿಟ್ಟೆ ಎನಿಸಿತು. “ಅತ್ತೇ!” ಎಂದು ಕಿರುಚಿದೆ.

ಅತ್ತೆ ಪೂಜೆಗೆಂದು ಮಡಿಯಲ್ಲಿದ್ದರು. ಮಡಿಯುಟ್ಟ ಮೇಲೆ ಪೂಜೆ ಮುಗಿಯುವತನಕ ಮೊಮ್ಮಕ್ಕಳನ್ನೂ ಮುಟ್ಟದ ಹೆಂಗಸು. ಬಂದವರೇ ಪುಟ್ಟಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ಆ ಮಡಿ ಸೀರೆಯ ಸೆರಗಲ್ಲೇ ಸುತ್ತಿದರು.

“ಆ ಹೊಗೆ ಆಚೆ ತಗೊಂಡ್ಹೋಗೇ! ಕಿಟಕಿ ತೆಗಿ! ಇಷ್ಟು ಓದಿದೀಯ, ಅಷ್ಟೂ ಗೊತ್ತಾಗಲ್ವಾ?”

ಹಿತ್ತಲಿನ ಬಿಸಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅದನ್ನು ಎದೆಗವಚಿಕೊಂಡು ಕೂತರು. ದೇವರು ಒಳಗೆ ಕಾಯುತ್ತಿದ್ದ. ಮುಕ್ಕಾಲು ಗಂಟೆಯ ಮೇಲೆ ಸೆರಗಿನೊಳಗಿಂದ ಒಂದು ಸಣ್ಣ ಕಿಚಕಿಚ ಕೇಳಿಸಿತು. ನಾನು ಅತ್ತುಬಿಟ್ಟೆ, ಅತ್ತೆಯವರು ಮತ್ತೆ ಸ್ನಾನಕ್ಕೆ ಹೋದರು.

ಇಲ್ಲಿ ಸ್ವಲ್ಪ ಶಾಸ್ತ್ರ ಹೇಳಲೇಬೇಕು. ಹಿಂದಿನವರು ಸ್ನಾನದಲ್ಲಿ ಏಳು ಬಗೆ ಮಾಡಿದ್ದಾರೆ. ನೀರಿನದು ಅವುಗಳಲ್ಲೊಂದು. ಭಸ್ಮದ್ದು, ಮಣ್ಣಿನದು, ಹಸುವಿನ ಗೊರಸಿನ ಧೂಳಿನದು, ಬಿಸಿಲುಮಳೆಯದು, ಮಂತ್ರ ಹೇಳಿ ಹನಿ ಚಿಮುಕಿಸುವುದು, ಕಡೆಗೆ ಕೂತಲ್ಲೇ ದೇವರನ್ನು ನೆನೆಯುವ ಮಾನಸ ಸ್ನಾನ. ನನ್ನ ಗಂಡ ಡಿಸೆಂಬರಿನಲ್ಲಿ ಈ ಕೊನೆಯದರ ಪರವಾಗಿ ಬಹಳ ಹೊತ್ತು ವಾದಿಸುತ್ತಾರೆ. ಮಡಿಯವರಿಗೆ ದೇಹಸ್ಥಿತಿ ನೋಡಿಕೊಂಡು ದಾರಿ ಬಿಡುವುದೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ನನಗೆ.

ಯುಗಾದಿಯ ಬೆಳಿಗ್ಗೆ ನಾನು ಹೆದರಿಕೊಂಡೇ ಇದ್ದೆ. ಅತ್ತೆ ಪೂಜೆ ಮುಗಿಸಿ, ತೀರ್ಥದ ನೀರಿಗೆ ತುಳಸಿ ಕುಡಿ ಅದ್ದಿ ಮನೆಗೆಲ್ಲ ಚಿಮುಕಿಸುತ್ತ ಪಂಜರದ ಹತ್ತಿರ ಬಂದರು. ಬಾಯಲ್ಲಿ ಏನೋ ಹೇಳಿಕೊಳ್ಳುತ್ತ ಅದರ ಮೇಲೂ ನಾಲ್ಕು ಹನಿ ಹಾಕಿದರು. ಪುಟ್ಟಿ ಮೈಯುಬ್ಬಿಸಿತು. ಇನ್ನೆರಡು ಹನಿ ಬಿದ್ದವು. ಎರಡೂ ರೆಕ್ಕೆ ಅಗಲಿಸಿ, ತಲೆಕೆಳಗಾಗಿ ಜೋತುಬಿದ್ದು, ಹೊಟ್ಟೆಗೂ ಹಾಕಿ ಎಂಬಂತೆ ತಿರುಗಿ ತಿರುಗಿ ಒಡ್ಡಿಕೊಂಡಿತು. ತಣ್ಣೀರಿನ ತುಂತುರೇ ಅದಕ್ಕೆ ಬೇಕಿದ್ದದ್ದು!

“ಆಯ್ತಲ್ಲ ಸ್ನಾನ. ತಿನ್ನೋಕೆ ಹಾಕು,” ಎಂದರು ಅತ್ತೆ.

ಅಲ್ಲಿಂದಾಚೆಗೆ ಅದು ದಿನದ ಪದ್ಧತಿಯಾಯಿತು. ಬೆಳಗಿನ ಹೊತ್ತು ಪುಟ್ಟಿ ನನ್ನನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ, ಅತ್ತೆಯ ಬಳೆ ಸದ್ದಿಗೆ ಕುಣಿಯುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದು ಹೇಳಲಾರೆ. ನಾನು ತಂದ ಒಂದೇ ಒಂದು ಜೀವವೂ ಅವರದೇ ಆಯಿತಲ್ಲ ಎನಿಸಿತು.

ಒಂದು ಬೆಳಿಗ್ಗೆ ಪಕ್ಕದ ಮನೆಯಾಕೆ ಹೂವು ಕೊಡಲು ಬಂದವರು ಈ ಸ್ನಾನವನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. “ಅಯ್ಯೋ, ಎಷ್ಟು ಚೆನ್ನಾಗಿ ಮಾಡತ್ತೆ! ಯಾರು ಸಾಕಿರೋದು, ನೀವಾ?”

ಅತ್ತೆ ತುಳಸಿ ಕುಡಿಯನ್ನು ಕೊಡವುತ್ತ ತಿರುಗಿಯೂ ನೋಡದೆ ಹೇಳಿದರು: “ನಂದಲ್ಲ, ನಮ್ಮ ಸೊಸೇದು. ಸ್ನಾನ ಕಲಿಸಿದ್ದೂ ಅವಳೇ. ಹಿಡಿದ ಕೆಲಸ ಬಿಡೋಳಲ್ಲ ಅವಳು.”

ಅತ್ತೆ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಡುಗೆಮನೆಯಲ್ಲಿ ಕಾಫಿ ಬೆರೆಸುತ್ತಿದ್ದ ನಾನು ಅವರ ಲೋಟಕ್ಕೆ ಎರಡನೇ ಸಲ ಸಕ್ಕರೆ ಹಾಕಿದೆ. ಹಿರಿಯರ ಮಾತಿಗೆ ಎದುರಾಡಬಾರದೆಂಬ ಕಟ್ಟಳೆ ಅಂದಿನಷ್ಟು ಹಿತವಾಗಿ ನನಗೆ ಎಂದೂ ಕಂಡಿರಲಿಲ್ಲ.