ಶಾಲೆಗೆ ಹೋಗುತ್ತಿದ್ದ ಒಳರೋಗಿ

1982ರಲ್ಲಿ ನಾನು ಬೇಲೂರು ಸೀಮೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಅದು ಯಾವುದೆಂದು ಹೇಳುವುದಿಲ್ಲ. ದೂರುವುದು ನನ್ನ ಉದ್ದೇಶವಲ್ಲ. ಆ ವರ್ಷವಿಡೀ ನಾನು ಕೆಂಡದ ಮೇಲೆ ಕೂತಂತಿದ್ದೆ. ಕಾರಣ ಗೌರಿ.

ಹಳೇಬೀಡಿನಲ್ಲಿ ಪ್ರವಾಸಿಗರಿಗೆ ಎಳನೀರು ಮಾರುತ್ತಿದ್ದ ಪುಟ್ಟಮ್ಮನ ಹನ್ನೆರಡು ವರ್ಷದ ಮಗಳು ಅವಳು. ನಮ್ಮಲ್ಲಿಗೆ ಬಂದಾಗ ಪ್ರಜ್ಞೆ ಇರಲಿಲ್ಲ. ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ. ಇದಕ್ಕೆ ಮಾತ್ರೆ ನಡೆಯದು. ಬದುಕಿರುವಷ್ಟು ಕಾಲ ದಿನವೂ ಇನ್ಸುಲಿನ್ ಇಂಜೆಕ್ಷನ್ ಬೇಕು. ಅದನ್ನು ಅಂಗಡಿಯಿಂದ ತರುವ ಶಕ್ತಿ ಪುಟ್ಟಮ್ಮನಿಗಿರಲಿಲ್ಲ. ನಮಗೆ ಬರುತ್ತಿದ್ದುದು ಅಷ್ಟಿಷ್ಟು, ಅದೂ ಒಳರೋಗಿಗಳಿಗೆ, ಅಂದರೆ ವಾರ್ಡಿನಲ್ಲಿ ದಾಖಲಾದವರಿಗೆ ಮಾತ್ರ. ಮನೆಗೆ ಕಳಿಸಿದರೆ ಔಷಧ ನಿಲ್ಲುತ್ತದೆ, ಔಷಧ ನಿಂತರೆ ಮಗು ಉಳಿಯುವುದಿಲ್ಲ.

ನಾನು ಕಳಿಸಲೇ ಇಲ್ಲ. ಚೇತರಿಸಿಕೊಂಡ ಮೇಲೂ ಮೂಲೆಯ ಹಾಸಿಗೆ ಅವಳದೇ ಆಯಿತು. ಬೆಳಿಗ್ಗೆ ಇಂಜೆಕ್ಷನ್, ತಿಂಡಿ, ಎರಡು ಜಡೆ. ಆಮೇಲೆ ಚೀಲ ಹೆಗಲಿಗೇರಿಸಿಕೊಂಡು ಪಕ್ಕದ ಶಾಲೆಗೆ. ಸಂಜೆ ಮತ್ತೆ ವಾರ್ಡು. ತಿಂಗಳುಗಳು ಹೀಗೇ ಕಳೆದವು. ನಿಯಮ ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರಿದೆ ಎಂದು ಒಳಗೊಳಗೇ ಬೀಗುತ್ತಿದ್ದೆ. ಆದರೂ ಜೀಪಿನ ಸದ್ದು ಕೇಳಿದರೆ ತಪಾಸಣೆಗೆ ಬಂದರೇನೋ ಎಂದು ಕಿಟಕಿಗೆ ಓಡುತ್ತಿದ್ದೆ.

ಒಂದು ಮಧ್ಯಾಹ್ನ ಜೀಪು ಬಂದೇ ಬಂತು. ಜಿಲ್ಲೆಯ ಮೇಲಧಿಕಾರಿ ಔಷಧದ ಕೋಣೆ ನೋಡಿ, ವಾರ್ಡಿಗೆ ಬಂದು, ಖಾಲಿ ಹಾಸಿಗೆಯ ಮುಂದೆ ನಿಂತರು.

“ಪೇಷೆಂಟ್ ಎಲ್ರೀ?”

“ಸ್ಕೂಲಿಗೆ ಹೋಗಿದಾಳೆ ಸಾರ್.”

ಯಾರೋ ಕಿಸಕ್ಕನೆ ನಕ್ಕರು. ಅಧಿಕಾರಿ ನಗಲಿಲ್ಲ. “ಇದೇನು ಛತ್ರಾನೇನ್ರೀ? ಇವತ್ತೇ ಡಿಸ್ಚಾರ್ಜ್ ಮಾಡಿ.”

ಹಾಗಾದರೆ ಇನ್ಸುಲಿನ್ ಮನೆಗೆ ಕೊಡಲು ಅನುಮತಿ ಕೊಡಿ ಎಂದೆ. ನಿಯಮವಿಲ್ಲ ಎಂದರು. ನನಗೆ ರೇಗಿಹೋಯಿತು.

“ಇನ್ಸುಲಿನ್ ನಿಲ್ಲಿಸಿ ಅಂತ ಬರೆದು ಕೊಟ್ಬಿಡಿ ಸಾರ್.”

ಬಾಯಲ್ಲಿ ಹೇಳಿದ್ದನ್ನು ಕೈಯಲ್ಲಿ ಬರೆಯಲು ಅವರು ಒಪ್ಪಲಿಲ್ಲ. ಬರೆಯದೆ ನಾನೂ ಜಗ್ಗಲಿಲ್ಲ.

ಈ ಜಟಾಪಟಿಯ ನಡುವೆಯೇ ಬಿಕ್ಕೋಡಿನ ಕಾಫಿ ತೋಟದ ಕೂಲಿ ಮಾದಯ್ಯ ಮಗನನ್ನು ಹೊತ್ತುಕೊಂಡು ಬಾಗಿಲಿಗೆ ಬಂದ. ಎಂಟು ವರ್ಷದ ಮಂಜ ಮೂಳೆ ಚಕ್ಕಳವಾಗಿದ್ದ. ನೀರು, ನೀರು ಎನ್ನುತ್ತಿದ್ದ.

“ಡಾಕ್ಟ್ರಮ್ಮಾ, ಇಲ್ಲೊಂದು ಮಗೀನ ಹಾಸಿಗೆ ಕೊಟ್ಟು ಉಳಿಸ್ಕಂಡವ್ರಂತೆ ಅಂತ ಸಂತೇಲಿ ಕೇಳ್ದೆ. ನನ್ ಮಗಂಗೂ ಅದೇ ಕಾಯಿಲೆ ಐತೆ ಅಂದ್ರು ತೋಟದ ಕಂಪೌಂಡ್ರು. ಒಂದು ಹಾಸಿಗೆ ಕೊಡ್ರವ್ವಾ.”

ಹಾಸಿಗೆಗೇನು, ಬೇಕಾದಷ್ಟಿದ್ದವು. ಫ್ರಿಜ್ಜಿನಲ್ಲಿದ್ದ ಇನ್ಸುಲಿನ್ ಮುಂದಿನ ಸರಬರಾಜಿನವರೆಗೆ ಒಬ್ಬರಿಗೆ ಮಾತ್ರ ಸಾಲುತ್ತಿತ್ತು. ಹಂಚಿದರೆ ನಡುವೆಯೇ ಇಬ್ಬರಿಗೂ ನಿಲ್ಲುತ್ತದೆ. ಅಧಿಕಾರಿಗೂ ಅದು ಗೊತ್ತಿತ್ತು, ಅವರೇ ಆಗಷ್ಟೇ ನೋಡಿ ಬಂದಿದ್ದರು. ನಾನು ಒಬ್ಬಳನ್ನು ಕಾಯುತ್ತಾ ಬೀಗುತ್ತಿದ್ದಾಗ, ಈ ಬಾಗಿಲವರೆಗೂ ಬಾರದೆ ಹೋದ ಮಕ್ಕಳೆಷ್ಟೋ!

ಅಷ್ಟರಲ್ಲಿ ಶಾಲೆ ಬಿಟ್ಟಿತು. ಒಳಗೆ ಬಂದ ಗೌರಿ ಹುಡುಗನನ್ನೂ ನಮ್ಮ ಮುಖಗಳನ್ನೂ ನೋಡಿದಳು. ಚೀಲ ಇಳಿಸಿ ತನ್ನ ಹೊದಿಕೆ ಮಡಿಚತೊಡಗಿದಳು.

“ಇವನ್ನ ಇಲ್ಲಿ ಮಲಗಿಸ್ರಿ ಮೇಡಂ. ನಾನು ಅವ್ವನ ತಾವ ಹೋಯ್ತೀನಿ. ನಂಗೆ ವಾಸಿ ಆಗೈತಲ್ಲ.”

ಅದು ವಾಸಿಯಾಗುವ ಕಾಯಿಲೆಯಲ್ಲ, ಔಷಧವಿಲ್ಲದೆ ಮನೆಗೆ ಹೋದರೆ ಸಾವು ಎಂದು ಆ ಮಗುವಿಗೆ ನಾವ್ಯಾರೂ ಹೇಳಿರಲಿಲ್ಲ.

ಅಧಿಕಾರಿ ಅವಳನ್ನೇ ನೋಡುತ್ತಾ ನಿಂತರು. ಆಮೇಲೆ ಜೇಬಿನಿಂದ ಪೆನ್ನು ತೆಗೆದರು.

“ಏನಂತ ಬರೀಲಿ ಹೇಳ್ರಿ.”

ಇಬ್ಬರಿಗೂ, ಮನೆಗೇ, ಎಂದೆ. ಹಾಗೇ ಬರೆದರು. ಕಡಿಮೆ ಬೀಳುವುದನ್ನು ಮರುದಿನವೇ ಜಿಲ್ಲಾ ಉಗ್ರಾಣದಿಂದ ಕಳಿಸಿದರು. ಗೌರಿ ತಾನೇ ಚುಚ್ಚಿಕೊಳ್ಳಲು ಕಲಿತು, ಸೀಸೆಯನ್ನು ತಣ್ಣನೆಯ ಮಡಕೆಯಲ್ಲಿಡುವುದನ್ನು ತಾಯಿಗೂ ಕಲಿಸಿ ಹಳೇಬೀಡಿಗೆ ಹೋದಳು. ವಾರ್ಡಿನಲ್ಲಿ ಚೇತರಿಸಿಕೊಂಡು ಮಂಜನೂ ಬದುಕಿದ.

ಎಲ್ಲರೂ ನನ್ನನ್ನು ಹೊಗಳಿದರು. ನನಗೆ ಮಾತ್ರ ನೆಮ್ಮದಿಯಿಲ್ಲ. ಆ ಆದೇಶದಲ್ಲಿದ್ದುದು ಎರಡೇ ಹೆಸರು. ಮೂರನೆಯ ಮಗುವನ್ನು ಹೊತ್ತು ಬರುವ ತಂದೆಗೆ ಏನು ಹೇಳಲಿ? ಸರ್ಕಾರದ ಔಷಧ ಸಿಗಬೇಕಾದರೆ ಡಾಕ್ಟರು ಹಟ ಹಿಡಿಯಬೇಕು, ಸಾಹೇಬರು ಕರಗಬೇಕು, ಒಂದು ಮಗು ತನ್ನ ಜಾಗ ಬಿಟ್ಟುಕೊಡಬೇಕು ಎಂದಾದರೆ ಅದೆಂಥ ವ್ಯವಸ್ಥೆ? ಯಾರೂ ಒಳ್ಳೆಯವರಾಗದಿದ್ದರೂ ಔಷಧ ಸಿಗುವಂತಿರಬೇಕು.