ಅಕ್ಕನ ಗುಬ್ಬಿಚಿತ್ರಕ್ಕೆ ನಾನು ಹೊದಿಸಿದ ಪ್ಲಾಸ್ಟಿಕ್

ಇದು ನಡೆದದ್ದು ಕಳೆದ ವರ್ಷ, ಹೋಳಿ ಮುಗಿದ ವಾರ. ನಾಗಪುರದಲ್ಲಿ ಬಣ್ಣ ತೊಳೆದ ಕೈಯಲ್ಲೇ ಜನ ಕೂಲರ್ ತೊಳೆಯಲು ಶುರು ಮಾಡುತ್ತಾರೆ. ಲಕ್ಷ್ಮೀ ನಗರದ ನಮ್ಮ ಮನೆಯ ಅಂಗಳದಲ್ಲಿ ನಾನೂ ಕೂಲರಿನ ತಟ್ಟಿಗಳನ್ನು ಬಿಚ್ಚಿ, ನೀರಿಳಿದು ಗಾಳಿ ತಂಪಾಗಲೆಂದು ಅವುಗಳಲ್ಲಿ ತುಂಬಿದ್ದ ಹಳೆಯ ಹುಲ್ಲು ಕೀಳುತ್ತಿದ್ದೆ. ಆಗ ಬೆಂಗಳೂರಿನಿಂದ ಫೋನ್ ಬಂತು.

"ಸರ್, ನೀವು ಗಂಗಕ್ಕ ಅವರ ತಮ್ಮನಾ? ನನ್ನ ಹೆಸರು ಮಾನಸ. ಮಕ್ಕಳ ಪುಸ್ತಕ ಮಾಡಿದವರ ಕಾಗದಪತ್ರ ಕಾಪಾಡೋ ಸಂಗ್ರಹಾಲಯದಲ್ಲಿ ಕೆಲಸ ಮಾಡ್ತೀನಿ. ಅವರ ಚಿತ್ರಗಳೆಲ್ಲ ಇನ್ನೂ ಇವೆಯಾ?"

"ಒಂದು ಟ್ರಂಕು ತುಂಬ ಇವೆ" ಎಂದೆ. ಆಕೆಗೆ ಎಷ್ಟು ಖುಷಿಯಾಯಿತೆಂದರೆ ಮುಂದಿನ ವಾರವೇ ಹೊರಟು ಬರುತ್ತೇನೆ ಎಂದಳು.

ಗಂಗಕ್ಕ ನನ್ನ ಒಡಹುಟ್ಟಿದ ಅಕ್ಕ. ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದಳು. ನಾವು ಗದಗ ಕಡೆಯವರು. ವಾಯುಪಡೆಯ ಸ್ಟೋರ್ಸಿನಲ್ಲಿದ್ದ ನನಗೆ ನಾಗಪುರಕ್ಕೆ ವರ್ಗವಾದಾಗ ಮದುವೆಯಾಗದೆ ಉಳಿದಿದ್ದ ಅವಳೂ ನಮ್ಮ ಜೊತೆ ಬಂದಳು. ಸದರ್ ಬಡಾವಣೆಯ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದಳು. ಸಂಜೆ ಕಿಟಕಿಯ ಹತ್ತಿರ ಕೂತು ಕನ್ನಡದಲ್ಲಿ ಮಕ್ಕಳ ಕಥೆ ಬರೆದು, ಅದಕ್ಕೆ ತಾನೇ ಚಿತ್ರ ಬರೆಯುತ್ತಿದ್ದಳು. ಪುಸ್ತಕಗಳು ಕರ್ನಾಟಕದಲ್ಲಿ ಅಚ್ಚಾಗುತ್ತಿದ್ದವು. ಇಲ್ಲಿನ ನೆರೆಹೊರೆಯವರಿಗೆ ಅವಳು ಡ್ರಾಯಿಂಗ್ ಟೀಚರ್, ಅಷ್ಟೇ.

ಅವಳ ಪುಸ್ತಕಗಳಲ್ಲಿ ಮಕ್ಕಳು ಹೆಚ್ಚು ಇಷ್ಟಪಟ್ಟದ್ದು ಕೂಲರಿನಲ್ಲಿ ಗೂಡು ಕಟ್ಟಿದ ಗುಬ್ಬಿಯ ಕಥೆ. ಬೇಸಿಗೆ ಬರುತ್ತದೆ, ಮನೆಯ ಯಜಮಾನ ಕೂಲರ್ ತೊಳೆಯಲು ಸ್ಟೂಲು ಹತ್ತುತ್ತಾನೆ, ಗೂಡು ಕಾಣುತ್ತದೆ. ಅವನು ಕೂಲರ್ ಹಚ್ಚದೆ ಬೀಸಣಿಗೆ ಬೀಸಿಕೊಳ್ಳುತ್ತಾ ಬೆವರಿಳಿಸಿಕೊಂಡೇ ಬೇಸಿಗೆ ಕಳೆಯುತ್ತಾನೆ. ಕೊನೆಯ ಪುಟದಲ್ಲಿ ಮರಿಗಳು ಹಾರುತ್ತವೆ. ಬನಿಯನ್ ತೊಟ್ಟ, ಮೀಸೆ ಹೊತ್ತ, ಹೊಟ್ಟೆ ಮುಂದೆ ಬಂದ ಆ ಯಜಮಾನ ಥೇಟು ನನ್ನ ಹಾಗೇ ಇದ್ದ. ಊರಿಂದ ಬಂದ ನೆಂಟರ ಮಕ್ಕಳು ನನ್ನನ್ನು "ಗುಬ್ಬಿ ಕಾಕಾ" ಎಂದು ಕರೆಯುತ್ತಿದ್ದರು. ನಾನು ಮೀಸೆ ತಿರುವಿ ನಗುತ್ತಿದ್ದೆ.

ನಿಜವಾಗಿ ನಡೆದದ್ದು ಬೇರೆ. ಒಂದು ಬೇಸಿಗೆಯಲ್ಲಿ ನಮ್ಮ ಕೂಲರಿನ ಹುಲ್ಲಿನಲ್ಲಿ ಗೂಡಿತ್ತು. ಸೆಕೆ ತಡೆಯದಾಗಿತ್ತು. ನಾನು ಹುಲ್ಲಿನ ಜೊತೆ ಗೂಡನ್ನೂ ಎಳೆದು ಕೆಳಗೆ ಹಾಕಿದೆ. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ಹೋಗಿ ಅದನ್ನೇ ಚಿತ್ರ ಬರೆದಳು. ಕೆಲವು ದಿನದ ಮೇಲೆ ಆ ಚಿತ್ರದ ಮೇಲೊಂದು ಬಿಳಿ ಹಾಳೆ ಅಂಟಿಸಿ, ಗೂಡನ್ನು ಉಳಿಸುವ ಯಜಮಾನನನ್ನು ಬರೆಯುತ್ತಿದ್ದಳು. ನಾನು ನೋಡುತ್ತಿದ್ದದ್ದು ಅವಳಿಗೆ ಗೊತ್ತಾಯಿತು.

"ಸಣ್ಣ ಹುಡುಗರಿಗೆ ಅದು ಬ್ಯಾಡಪಾ" ಎಂದಳು.

"ಹಂಗಾರ ಅದನ್ನ ಹರದು ಒಗಿ."

"ಯಾಕ ಹರೀಲಿ? ಆದದ್ದು ಆಗೇತಿ. ಇದರ ಕೆಳಗ ಇರಲಿ."

ಅದು ಅವಳ ಕ್ರಮ. ತಪ್ಪಿದ ಚಿತ್ರವನ್ನು ಅವಳು ರಬ್ಬರಿನಿಂದ ಅಳಿಸುತ್ತಿರಲಿಲ್ಲ. ಮೇಲೊಂದು ಹಾಳೆಯನ್ನು ಮೇಲ್ತುದಿಗೆ ಮಾತ್ರ ಗೋಂದು ಹಚ್ಚಿ ಅಂಟಿಸುತ್ತಿದ್ದಳು. ಬೇಕಾದಾಗ ಕ್ಯಾಲೆಂಡರಿನ ಹಾಳೆಯಂತೆ ಎತ್ತಿ ಕೆಳಗಿನದನ್ನು ನೋಡಬಹುದಿತ್ತು. ಅಂಚಿನಲ್ಲಿ ಬಣ್ಣ ತೀಡಿ ನೋಡಿದ ಗುರುತು, ತನಗೆ ತಾನೇ ಬೈದುಕೊಂಡ ಮಾತುಗಳು ಇರುತ್ತಿದ್ದವು.

ಹಾಸಿಗೆ ಹಿಡಿದಾಗ ಒಂದು ದಿನ ಅವಳು ನನ್ನನ್ನು ಹತ್ತಿರ ಕರೆದಳು. "ವಸ್ಯಾ, ನಾ ಹ್ವಾದ ಮ್ಯಾಲ ಯಾರರೆ ನನ್ನ ಚಿತ್ರ ಕೇಳಿಕೊಂಡು ಬಂದ್ರ, ಹೆಂಗ ಅದಾವ ಹಂಗ ಕೊಡು. ನೀ ಸ್ಟೋರ್ಸಿನಾಂವ, ದೇವರ ಫೋಟೋಕ್ಕೂ ಪ್ಲಾಸ್ಟಿಕ್ ಹಾಕಾಂವ. ಚಂದ ಮಾಡಾಕ ಮಾತ್ರ ಹೋಗಬ್ಯಾಡ."

ಇಬ್ಬರೂ ನಕ್ಕೆವು. ಅವಳು ಅಂದದ್ದು ಸುಳ್ಳೇನಲ್ಲ. ಸ್ಟೋರ್ಸಿನಲ್ಲಿ ಬೆಲೆಬಾಳುವ ವಸ್ತುವೆಂದರೆ ಮುಚ್ಚಿ, ಸೀಲು ಮಾಡಿ ಇಡಬೇಕು. ಅದೇ ಅಭ್ಯಾಸ ಮನೆಗೂ ಬಂದಿತ್ತು. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ನಿವೃತ್ತಿಯ ಕಾಗದ, ಮೊಮ್ಮಗಳ ಬಹುಮಾನದ ಪತ್ರ, ಎಲ್ಲಕ್ಕೂ ಲ್ಯಾಮಿನೇಷನ್ ಮಾಡಿಸಿದ್ದೆ.

ಮಾನಸಳ ಫೋನ್ ಬಂದ ಮೇಲೆ ಟ್ರಂಕು ತೆಗೆದೆ. ಧೂಳು, ಚಹಾದ ಕಲೆ, ಬಾಯಿ ಬಿಟ್ಟುಕೊಂಡ ತೇಪೆಗಳು. ಬೆಂಗಳೂರಿನವರ ಮುಂದೆ ಇದನ್ನು ಹೀಗೆ ಹೇಗೆ ಇಡಲಿ ಎನಿಸಿತು. ಅಕ್ಕನ ಮಾತು ನೆನಪಾಗಲಿಲ್ಲ ಎಂದರೆ ಸುಳ್ಳಾದೀತು, ನೆನಪಾಯಿತು. ಆದರೂ ಎಲ್ಲವನ್ನೂ ಎರಡು ಚೀಲಗಳಲ್ಲಿ ತುಂಬಿ ಆಟೋ ಹತ್ತಿ ಧರಮಪೇಠದ ಒಂದು ಝೆರಾಕ್ಸ್ ಅಂಗಡಿಗೆ ಹೋದೆ.

ಹಾಳೆಗಳು ಲ್ಯಾಮಿನೇಷನ್ ಯಂತ್ರಕ್ಕಿಂತ ಅಗಲವಾಗಿದ್ದವು. "ಕಿನಾರಾ ಕಾಟನಾ ಪಡೇಗಾ, ಅಂಕಲ್" ಎಂದ ಅಂಗಡಿಯವನು. ಅಂಚು ಕತ್ತರಿಸು ಎಂದೆ. ಅಕ್ಕನ ಕೈಬರಹ ಅವನ ಕಾಲ ಬುಡದಲ್ಲಿ ಬಿತ್ತು. ಗುಬ್ಬಿಯ ಚಿತ್ರ ಬಂದಾಗ ಅವನು ಮೇಲಿನ ಹಾಳೆಯನ್ನು ಬೆರಳಿನಿಂದ ಎತ್ತಿ, ಕೆಳಗಿನ ಚಿತ್ರ ನೋಡಿ, ನನ್ನ ಮುಖವನ್ನೂ ನೋಡಿದ. "ಯೇ ಊಪರ್‌ವಾಲಾ ನಿಕಾಲ್ ದೂಂ ಕ್ಯಾ?" ಮೇಲಿನದನ್ನು ಕಿತ್ತುಬಿಡಲೇ ಎಂದು ಕೇಳುತ್ತಿದ್ದ.

"ನಹೀ. ದಬಾ ದೋ" ಎಂದೆ. ಒತ್ತಿಬಿಡು.

ಬೇರೆ ಚಿತ್ರಗಳ ವಿಷಯದಲ್ಲಿ ನನಗೆ ತಿಳಿವಳಿಕೆ ಸಾಲಲಿಲ್ಲ ಎನ್ನಬಹುದು. ಈ ಒಂದು ಚಿತ್ರದ ವಿಷಯದಲ್ಲಿ ಹಾಗೆ ಹೇಳಲಾರೆ.

ಯಂತ್ರದ ಬಿಸಿಗೆ ಮೇಣದ ಬಣ್ಣ ಕರಗಿದ ವಾಸನೆ ಬಂತು. "ಏಕದಮ್ ನಯಾ ಹೋ ಗಯಾ!" ಎಂದು, ಹೊಚ್ಚ ಹೊಸದಾಯಿತು ಎಂಬ ಖುಷಿಯಲ್ಲಿ, ಅವನು ಹೊಳೆಯುವ ಹಾಳೆಗಳನ್ನು ಕೊಟ್ಟ. ನನಗೂ ಚಂದವೇ ಕಂಡವು.

ಮಾನಸ ಬಂದಳು. ಚಹಾ ಆಮೇಲೆ ಕುಡಿಯುತ್ತೇನೆ ಎಂದು ಕೈ ತೊಳೆದು, ಒರೆಸಿಕೊಂಡು, ಚಾಪೆಯ ಮೇಲೆ ಕೂತಳು. ಮೊದಲ ಹಾಳೆಯನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಒಂದೊಂದನ್ನೇ ತೆಗೆಯುತ್ತಾ ಹೋದಳು. ಗುಬ್ಬಿಯ ರೆಕ್ಕೆಯ ಕಂದು ಬಣ್ಣ ಕರಗಿ ಆಕಾಶಕ್ಕೆ ಹರಿದಿತ್ತು.

"ಇದನ್ನ ಯಾರು ಮಾಡಿಸಿದ್ದು ಸರ್?"

ಅವಳ ಮುಖ ನೋಡಿದಾಗಲೇ ಏನೋ ದೊಡ್ಡ ಅನಾಹುತ ಆಗಿದೆ ಎಂದು ತಿಳಿಯಿತು. ನನ್ನ ಬಾಯಿಂದ ಬಂದದ್ದು ಇದು: "ಅಕ್ಕನೇ ಮಾಡಿಸಿದ್ದು. ಕಡೆ ಕಡೆಗೆ ಅವಳಿಗೆ ಮರೆವು. ಏನು ಮಾಡ್ತಿದ್ದೀನಿ ಅಂತ ತಿಳೀತಿರಲಿಲ್ಲ."

ಅಕ್ಕನಿಗೆ ಕೊನೆಯ ದಿನದವರೆಗೂ ಎಲ್ಲ ನೆನಪಿತ್ತು.

"ಛೆ, ಎಂಥ ಹುಷಾರಿನ ಕೈ ಅವರದು" ಎಂದಳು ಮಾನಸ. "ಅಚ್ಚಾದ ಪುಸ್ತಕ ಎಲ್ಲ ನಮ್ಮಲ್ಲಿದೆ. ಅದಕ್ಕೆ ಮುಂಚೆ ಏನೇನು ಬರೆದು ಕೈಬಿಟ್ರು ಅಂತ ನೋಡೋಕೇ ಬಂದಿದ್ದೆ." ಗುಬ್ಬಿಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಕೆಳಗೆ ಇನ್ನೊಂದು ಚಿತ್ರದ ನೆರಳು ಕಾಣುತ್ತೆ. ಏನದು ಅಂತ ಗೊತ್ತಾ?"

"ಗೊತ್ತಿಲ್ಲಮ್ಮ" ಎಂದೆ.

ಆರಿದ ಚಹಾ ಕುಡಿದು, ಎಲ್ಲವನ್ನೂ ಜೋಪಾನವಾಗಿ ಕಟ್ಟಿಕೊಂಡು ಹೋದಳು.

ದೀಪಾವಳಿಯ ಹೊತ್ತಿಗೆ ಒಂದು ಮಧ್ಯಾಹ್ನ ಮೊಮ್ಮಗಳು ತನ್ವಿ ಮೊಬೈಲ್ ಹಿಡಿದು ಓಡಿ ಬಂದಳು. "ಅಜ್ಜಾ, ಬಘಾ, ಇಲ್ಲಿ ನೋಡು! ಗಂಗಜ್ಜೀದು ಆನ್‌ಲೈನ್ ಬಂದೈತಿ!"

ಸಂಗ್ರಹಾಲಯದವರು ತಮ್ಮ ಜಾಲತಾಣದಲ್ಲಿ ಅಕ್ಕನ ಚಿತ್ರಗಳನ್ನು ವಿವರಣೆ ಸಮೇತ ಹಾಕಿದ್ದರು. ಕನ್ನಡ ಓದಲು ತನ್ವಿಗೆ ಕಲಿಸಿದ್ದು ಅಕ್ಕ. ಈಗಲೂ ತಡವರಿಸುತ್ತಾಳೆ. ಪಕ್ಕದಲ್ಲಿ ಕೂತು ಒಂದೊಂದೇ ಪದ ಕೂಡಿಸಿ ಗಟ್ಟಿಯಾಗಿ ಓದಿದಳು. ಅಕ್ಕನ ಹುಟ್ಟೂರು ಬಂತು, ಶಾಲೆ ಬಂತು, ಪುಸ್ತಕಗಳ ಹೆಸರು ಬಂತು. ಆಮೇಲೆ ಬಂತು: "ಕೊನೆಯ ವರ್ಷಗಳಲ್ಲಿ... ಮರೆವಿನಿಂದ ಬಳಲುತ್ತಿದ್ದ... ಲೇಖಕಿ... ತಮ್ಮ ಮೂಲಚಿತ್ರಗಳ ಅಂಚನ್ನು... ತಾವೇ ಕತ್ತರಿಸಿ, ಲ್ಯಾಮಿನೇಷನ್ ಮಾಡಿಸಿದ್ದರಿಂದ... ಅವು ಹಾಳಾಗಿವೆ."

ಅವಳು ನಿಧಾನಕ್ಕೆ ಓದುತ್ತಿದ್ದುದರಿಂದ ಒಂದು ಪದವೂ ತಪ್ಪದೆ ನನ್ನ ಕಿವಿಗೆ ಬಿತ್ತು.

"ಝೂಟ್!" ಎಂದಳು ತನ್ವಿ. "ಗಂಗಜ್ಜೀಗೆ ಎಲ್ಲಿ ಮರವು ಇತ್ತು? ನನಗ ರಬ್ಬರ್ ಸುದ್ದಾ ಹಚ್ಚಾಕ ಬಿಡ್ತಿರಲಿಲ್ಲ ಆಕಿ. ಇದನ್ನ ಯಾರು ಹೇಳ್ಯಾರ ಇವರಿಗೆ?"

ನಾನು ಗೋಡೆಯ ಕಡೆ ನೋಡಿದೆ.

"ಅಜ್ಜಾ?"

"ನಾನಽ ಹೇಳೇನಿ" ಎಂದೆ. "ಮಾಡಿಸಿದ್ದೂ ನಾನಽ."

ಅವಳು ಬೈದಿದ್ದರೆ ಹಗುರಾಗುತ್ತಿತ್ತು. ಮಾನಸಳ ನಂಬರಿಗೆ ಫೋನ್ ಹಚ್ಚಿ ನನ್ನ ಕೈಗಿಟ್ಟು, "ಬರೋಬರ್ ಹೇಳು" ಎಂದಷ್ಟೇ ಅಂದು ಎದ್ದು ಹೋದಳು.

ಮಾನಸಳಿಗೆ ಎಲ್ಲ ಹೇಳಿದೆ. ಅವಳೂ ಬೈಯಲಿಲ್ಲ. "ಚಿತ್ರ ಸರಿಮಾಡೋಕೆ ಆಗಲ್ಲ ಸರ್. ಬಣ್ಣ ಪ್ಲಾಸ್ಟಿಕ್‌ಗೆ ಹಿಡಿದುಬಿಟ್ಟಿದೆ, ಬಿಡಿಸೋಕೆ ಹೋದ್ರೆ ಕಿತ್ತು ಬರುತ್ತೆ. ವಿವರಣೆ ತಿದ್ದಬಹುದು. ನಡೆದದ್ದನ್ನ ಬರೆದು ಸಹಿ ಮಾಡಿ ಕಳಿಸಿ" ಎಂದಳು. ಆಮೇಲೆ ಕೇಳಿದಳು, "ಆ ಕೆಳಗಿನ ಚಿತ್ರ... ನಿಮಗೆ ಗೊತ್ತು, ಅಲ್ವಾ?"

"ಗೊತ್ತು."

"ಅದನ್ನೂ ಬರೀರಿ. ಈಗ ಅದು ಉಳಿದಿರೋದು ನಿಮ್ಮ ನೆನಪಲ್ಲಿ ಮಾತ್ರ."

ಬರೆದು ಕಳಿಸಿದೆ. ಅವರು ತಿದ್ದಿದ್ದಾರೆ. ಆದರೆ ಅದಕ್ಕೆ ಮುಂಚೆ ಓದಿದವರು ಅಕ್ಕನನ್ನು ತನ್ನ ಕೆಲಸವನ್ನು ತಾನೇ ಕೆಡಿಸಿಕೊಂಡ ಮುದುಕಿ ಎಂದುಕೊಂಡಿರುತ್ತಾರೆ. ಅವರಲ್ಲಿ ಒಬ್ಬರಾದರೂ ಈ ಪುಟ ಓದಲಿ ಎಂದು ಇಲ್ಲಿಯೂ ಬರೆಯುತ್ತಿದ್ದೇನೆ. ತನ್ವಿ ಮಾತು ಬಿಟ್ಟಿಲ್ಲ. ಆದರೆ ಓದಲು ಈಗ ನನ್ನ ಪಕ್ಕ ಬಂದು ಕೂರುವುದಿಲ್ಲ.

ಆ ಚಿತ್ರದಲ್ಲಿ ಇದ್ದದ್ದು ಇಷ್ಟು. ಸ್ಟೂಲಿನ ಮೇಲೆ ಬನಿಯನ್ ತೊಟ್ಟ ಮನುಷ್ಯ. ಕೈಯಲ್ಲಿ ಕೂಲರಿನ ಹುಲ್ಲು. ನೆಲದ ಮೇಲೆ ಗೂಡು, ಅದರ ಸುತ್ತ ಇನ್ನೂ ಪುಕ್ಕ ಬಾರದ ಮರಿಗಳು. ಬಟ್ಟೆ ಒಣಹಾಕುವ ತಂತಿಯ ಮೇಲೆ ತಾಯಿಗುಬ್ಬಿ. ಸಂಗ್ರಹಾಲಯಕ್ಕೆ ಇದನ್ನು ಬರೆಯುವಾಗ, ಆ ಮನುಷ್ಯನ ಮುಖ ಗೋಡೆಯ ಕಡೆ ಇತ್ತು, ಮರಿಗಳು ಅವನಿಗೆ ಕಂಡಿರಲಿಲ್ಲ ಎಂದು ಬರೆದುಬಿಡೋಣ ಎನಿಸಿತು. ಚಿತ್ರವನ್ನು ಇನ್ನು ಯಾರೂ ಎತ್ತಿ ನೋಡಲಾರರು. ಬರೆದೂ ಬಿಟ್ಟೆ. ಆಮೇಲೆ ಆ ಸಾಲು ಹೊಡೆದು ಹಾಕಿ, ಅದು ಕಾಣುವಂತೆ ಹಾಗೇ ಬಿಟ್ಟು, ಕೆಳಗೆ ಮತ್ತೆ ಬರೆದೆ: ಅವನು ಮರಿಗಳನ್ನೇ ನೋಡುತ್ತಿದ್ದಾನೆ.