ಎಳ್ಳಮಾವಾಸ್ಯೆಯ ಮೀಟಿಂಗ್

ನನ್ನನ್ನು ನಮ್ಮದೇ ಕಂಪನಿಯಿಂದ ತೆಗೆದುಹಾಕಿದ್ದು ಎಳ್ಳಮಾವಾಸ್ಯೆಯ ದಿನ. ಕಾಗದದ ಮೇಲೆ ಹಾಗಿತ್ತು. ಶಹಾಬಾದಿನ ಆಫೀಸಿನಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಸಭೆ ಸೇರಿತಂತೆ. ಕಾಕಾ ಬಂದಿದ್ದನಂತೆ, ಅವ್ವ ಬಂದಿದ್ದಳಂತೆ. ನೋಟಿಸು ಕೊಟ್ಟರೂ ನಾನು ಬರಲಿಲ್ಲವಾದ್ದರಿಂದ ನಿರ್ದೇಶಕಿಯ ಸ್ಥಾನದಿಂದ ಕೈಬಿಡಲಾಯಿತಂತೆ. ಓದಿದಾಗ ಸಿಟ್ಟಿಗಿಂತ ಮೊದಲು ನಗು ಬಂತು. ನಮ್ಮ ಕಡೆ ಎಳ್ಳಮಾವಾಸ್ಯೆಯ ಹೊತ್ತಿನಲ್ಲಿ ಊರೊಳಗೆ ನಾಯಿ ಕೂಡ ಸಿಗುವುದಿಲ್ಲ. ಎಲ್ಲರೂ ಹೊಲದಲ್ಲಿರುತ್ತಾರೆ. ನಾವೂ ಸೇಡಂ ಹತ್ತಿರದ ಮುಧೋಳದ ನಮ್ಮ ಹೊಲದಲ್ಲಿದ್ದೆವು.

ಅದು ಅಪ್ಪ ಕಟ್ಟಿದ ಕಲ್ಲು ಪಾಲಿಶ್ ಕಂಪನಿ. ಅಪ್ಪ ಹೋದ ಮೇಲೆ ಷೇರುದಾರರು ನಾವು ಮೂವರೇ: ಅಪ್ಪನ ತಮ್ಮ, ಅಂದರೆ ನನ್ನ ಕಾಕಾ, ಅವ್ವ, ನಾನು. ಯಾವ ಮಶೀನು ತರಬೇಕು, ಯಾರಿಗೆ ಕಲ್ಲು ಕೊಡಬೇಕು ಎಂದು ನಾನು ಬಾಯಿ ಹಾಕುವುದು ಕಾಕಾನಿಗೆ ಸೇರುತ್ತಿರಲಿಲ್ಲ. ಅವನು ತಂದ ಕಾಗದಕ್ಕೆಲ್ಲ ಅವ್ವ ಕಣ್ಣುಮುಚ್ಚಿ ಸಹಿ ಮಾಡುತ್ತಿದ್ದಳು. "ಮನೀ ಮನಷ್ಯಾ ಅಲ್ಲೇನು?" ಅನ್ನುವುದು ಅವಳ ವಾದ.

ಬೆಂಗಳೂರಿನ ಕಂಪನಿ ನ್ಯಾಯಮಂಡಳಿ ಸಭೆಯ ಕಾಗದದ ಮೇಲಿನ ಅವ್ವನ ಸಹಿ ನೋಡಿ, ಅವಳನ್ನು ಒಂದು ಮಾತೂ ಕೇಳದೆ ನನ್ನ ಅರ್ಜಿ ವಜಾ ಮಾಡಿತು. ಹಬ್ಬದ ದಿನ ಸಭೆ ನಡೆಸಬಾರದೆಂಬ ಕಾನೂನಿಲ್ಲ ಎಂದಿತು. ಅಪ್ಪನ ಪಕ್ಕದಲ್ಲಿ ಕೂತು ಕೆಲಸ ಕಲಿತ ಆ ಕುರ್ಚಿ ಕೈತಪ್ಪಿತೆಂದು ಗಳಗಳ ಅತ್ತೆ. ಆದರೆ ನಮ್ಮ ವಕೀಲೆ ಸುಮ್ಮನೆ ಕೂರುವ ಜಾತಿಯವರಲ್ಲ. ಇಂಥ ಜಗಳಗಳಿಗಾಗಿಯೇ ಚೆನ್ನೈಯಲ್ಲಿ ಮೇಲ್ಮನವಿ ನ್ಯಾಯಮಂಡಳಿ ಇದೆ, ಕಾನೂನಷ್ಟೇ ಅಲ್ಲ, ನಡೆದದ್ದೇನು ಎಂಬುದನ್ನೂ ಅದು ಮತ್ತೆ ನೋಡಬಹುದು ಎಂದರು.

ವಿಚಾರಣೆ ವಿಡಿಯೊದಲ್ಲಿ ನಡೆಯಿತು. ಸೇಡಂನ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ನಾನು, ಅವ್ವ. ಪರದೆಯ ಇನ್ನೊಂದು ಮೂಲೆಯಲ್ಲಿ ಶಹಾಬಾದಿನಿಂದ ಕಾಕಾ. ಕಾಕಾನ ವಕೀಲರು, ಆಕೆಯ ತಾಯಿಯೇ ಸಭೆಯಲ್ಲಿ ಹಾಜರಿದ್ದರು ಎಂದು ಇಂಗ್ಲಿಷಿನಲ್ಲಿ ಒತ್ತಿ ಹೇಳಿದರು. ಅದನ್ನು ಅವ್ವನಿಗೆ ತಿಳಿಸಿದೆ. ಮೈಕ್ ಬಂದ್ ಮಾಡಿರಲಿಲ್ಲ.

"ಯಪ್ಪಾ, ನಾ ಎಲ್ಲಿ ಮೀಟಿಂಗಿನ್ಯಾಗ ಇದ್ನ್ರಿ? ಮುಧೋಳದ ಹೊಲದಾಗ ಎಲ್ಲಾರಿಗೂ ರೊಟ್ಟಿ, ಭಜ್ಜಿಪಲ್ಯಾ ಬಡಸಾಕತ್ತಿದ್ದೆ!"

ಪೀಠದವರು ತಲೆಯೆತ್ತಿದರು. ನಮ್ಮ ವಕೀಲೆ ಅವ್ವನ ಮಾತನ್ನು ಇಂಗ್ಲಿಷಿಗೆ ತಂದರು. ಆ ದಿನ ಮನೆಯ ಹಿರಿಯ ಗಂಡಸು ಬೆಳೆಯ ನಡುವೆ ನಡೆಯುತ್ತ ಭೂಮಿತಾಯಿಗೆ ಎಡೆಯನ್ನು ಚೆಲ್ಲುತ್ತಾನೆ, ಅದಕ್ಕೆ ಚರಗ ಅನ್ನುತ್ತಾರೆ ಎಂದೂ ವಿವರಿಸಿದರು. ಪೀಠದವರು ನೇರವಾಗಿ ಕಾಕಾನನ್ನೇ ಕೇಳಿದರು: ಆ ಬೆಳಗ್ಗೆ ನೀವೆಲ್ಲಿದ್ದಿರಿ?

ಆಫೀಸಿನಲ್ಲಿದ್ದೆ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಹಾಗಂದರೆ, ಅಣ್ಣ ಸತ್ತ ಮೇಲೆ ಬಂದ ಮೊದಲ ಎಳ್ಳಮಾವಾಸ್ಯೆಗೆ ಚರಗವನ್ನೇ ಚೆಲ್ಲಲಿಲ್ಲ ಎಂದಂತೆ. ಬಸುರಿಯಂತೆ ತುಂಬಿದ ಹೊಲವನ್ನು ಉಪವಾಸ ಕೆಡವಿದೆ ಎಂದು ಬಾಯಿಬಿಟ್ಟಂತೆ. ಕಾಕಾ ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಚರಗ ನಾನೇ ಚೆಲ್ಲೀನ್ರಿ," ಅಂದ. "ಹೊಲದಾಗೇ ಇದ್ದೆ."

ನಾನು ಎದ್ದು ಕುಣಿದೇಬಿಟ್ಟೆ! ಕ್ಯಾಮೆರಾ ಚಾಲೂ ಇತ್ತು, ವಕೀಲೆ ಕಣ್ಣು ಬಿಟ್ಟರು, ಅವ್ವ ನನ್ನ ಸೆರಗು ಹಿಡಿದು ಜಗ್ಗಿ ಕೂರಿಸಿದಳು. ಕೆಲವು ವಾರಗಳಲ್ಲಿ ಆದೇಶ ಬಂತು. ನಡೆಯದ ಸಭೆಯ ನಿರ್ಣಯ ಊರ್ಜಿತವಲ್ಲ, ನಾನು ಮತ್ತೆ ನಿರ್ದೇಶಕಿ. ವಾಡಿಯ ಗೆಳತಿಯರಿಗೆಲ್ಲ ಫೋನು ಮಾಡಿ ಚೀರಿದೆ.

ಅವ್ವ ಮಾತ್ರ, "ಅವ ಒಂದ್ ಸುಳ್ಳ ಹೇಳಿದ್ರ ಗೆಲ್ತಿದ್ದ ನೋಡು," ಅಂದಳು.

ಮುಂದಿನ ಎಳ್ಳಮಾವಾಸ್ಯೆಗೆ ಕಾಕಾ ಬರಲಾರ ಅಂದುಕೊಂಡಿದ್ದೆವು. ಬಂದ. ಯಾರ ಮುಖವನ್ನೂ ನೋಡದೆ ಚರಗದ ಬುಟ್ಟಿ ಎತ್ತಿಕೊಂಡು ಜೋಳದ ಸಾಲಿಗಿಳಿದ. "ಹುಲ್ಲುಲ್ಲಿಗೋ!" ಎಂದು ಚರಗ ಚೆಲ್ಲುವಾಗಿನ ಕೂಗು ಹಾಕಿದ. ಹಿಂದಿನಿಂದ ಅದಕ್ಕೆ ಉತ್ತರ ಕೊಡುವುದು ಚಿಕ್ಕಂದಿನಿಂದ ನನ್ನ ಪಾಲಿನ ಕೆಲಸ. ನಾನು ಸುಮ್ಮನಿದ್ದೆ. ಕಾಕಾ ನಿಂತ. ತಿರುಗಿ ನೋಡಲಿಲ್ಲ, ಮುಂದೆ ಹೆಜ್ಜೆಯನ್ನೂ ಇಡಲಿಲ್ಲ. ಬುಟ್ಟಿಯೊಳಗಿನ ಕೈ ಹಾಗೇ ಇತ್ತು.

"ಚಲ್ಲಂಬರಿಗೋ!" ಎಂದು ಗಂಟಲು ಹರಿಯುವ ಹಾಗೆ ಕೂಗಿ, ಅವನ ಹಿಂದೆ ಸಾಲಿಗಿಳಿದೆ.